ಅಠಾರಾ ಕಚೇರಿಯ ಎದುರಿನ ಕಲ್ಲಿನ ಸೌಧ

ಬೆಂಗಳೂರಿನ ವಿಧಾನಸೌಧ ಎದ್ದು ನಿಂತದ್ದು 1951ರಿಂದ 1956ರ ನಡುವೆ. ಆ ಕಾಲದ ಕಪ್ಪುಬಿಳುಪು ಚಿತ್ರಗಳು ಕಟ್ಟಡದ ಜೊತೆಗೆ, ರಾಜರ ಆಳ್ವಿಕೆಯಿಂದ ಆಗಷ್ಟೇ ಹೊರಬಂದ ಸರ್ಕಾರವೊಂದರ ಹುಮ್ಮಸ್ಸನ್ನೂ ಹಿಡಿದಿಟ್ಟಿವೆ.

1951ರ ಜುಲೈ 13ರಂದು ಜವಾಹರಲಾಲ್ ನೆಹರು ಅಡಿಗಲ್ಲು ಹಾಕಿದಾಗ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ. ಅವರ ಕಾಲದ ನಕ್ಷೆ ಸರಳವಾಗಿತ್ತು. ಮರುವರ್ಷ ಅಧಿಕಾರಕ್ಕೆ ಬಂದ ಕೆಂಗಲ್ ಹನುಮಂತಯ್ಯ ಅದನ್ನು ಪೂರಾ ಬದಲಿಸಿದರು. ಊರು ನೋಡಲು ಬಂದ ರಷ್ಯದ ಅತಿಥಿಗಳು, ಇಲ್ಲಿರುವುದೆಲ್ಲ ಯೂರೋಪಿನ ಕಟ್ಟಡಗಳೇ, ನಿಮ್ಮದೆಂಬುದು ಏನೂ ಇಲ್ಲವೇ ಎಂದು ಕೇಳಿದ್ದು ಹನುಮಂತಯ್ಯನವರಿಗೆ ನಾಟಿತೆಂಬ ಕಥೆ ಪ್ರಚಲಿತದಲ್ಲಿದೆ. ಎದುರಿಗೇ ಇದ್ದ, 1868ರ ಕೆಂಪು ಅಠಾರಾ ಕಚೇರಿ (ಈಗಿನ ಹೈಕೋರ್ಟ್ ಕಟ್ಟಡ) ಆ ಮಾತಿಗೆ ಸಾಕ್ಷಿಯಂತಿತ್ತು. ಆಗ ಶಾಸನಸಭೆ ಸೇರುತ್ತಿದ್ದುದೂ ಅಲ್ಲೇ.

ಕಾಮಗಾರಿಯ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಗೋಡೆಗಳನ್ನು ಮುಚ್ಚಿದ ಮರದ ಸಾರವೆ. ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಉಸ್ತುವಾರಿಯಲ್ಲಿ ಸಾವಿರಾರು ಕೂಲಿಯಾಳುಗಳು, ಕಲ್ಲುಕುಟಿಗರು, ಜೈಲಿನ ಕೈದಿಗಳೂ ದುಡಿದರು. ಕಂಬ, ಬೋದಿಗೆ, ಕಪೋತಗಳೆಲ್ಲ ಉಳಿ ಸುತ್ತಿಗೆಯಲ್ಲೇ ರೂಪುಗೊಂಡವು. ಬೂದುಬಣ್ಣದ ಕಲ್ಲು ಮಲ್ಲಸಂದ್ರ, ಹೆಸರಘಟ್ಟಗಳ ಕಡೆಯಿಂದ ಬಂತು. ಅಲಂಕಾರಕ್ಕೆ ಬಳಸಿದ ಮಾಗಡಿಯ ಗುಲಾಬಿ ಕಲ್ಲಿನ ಬಣ್ಣ ಮಾತ್ರ ಕಪ್ಪುಬಿಳುಪಿನಲ್ಲಿ ಕಾಣುವುದೇ ಇಲ್ಲ. ಚಿತ್ರಗಳನ್ನಷ್ಟೇ ನಂಬಿದವರಿಗೆ ಇದು ಒಂದೇ ಬಣ್ಣದ ಕಟ್ಟಡ.

ಅದೇ ವರ್ಷಗಳಲ್ಲಿ ಚಂಡೀಗಢದಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕಾಂಕ್ರೀಟಿನಲ್ಲಿ ಹೊಸ ರಾಜಧಾನಿ ರೂಪಿಸುತ್ತಿದ್ದರು. ಹನುಮಂತಯ್ಯ ಹಿಡಿದದ್ದು ದೇಗುಲದ ದಾರಿ. ಆದರೂ ಗುಮ್ಮಟ, ಅದರ ನೆತ್ತಿಯ ನಾಲ್ಕು ಸಿಂಹ, ಪೂರ್ವದ ಅಗಲ ಮೆಟ್ಟಿಲುಗಳು ಅಪ್ಪಟ ದ್ರಾವಿಡ ಶೈಲಿಯವಲ್ಲ. ನಿಜಕ್ಕೂ ಇದೊಂದು ಕಲಬೆರಕೆ, ಆದರೆ ಗತ್ತಿನ ಕಲಬೆರಕೆ. ಖರ್ಚು ಸುಮಾರು 1.8 ಕೋಟಿ ರೂಪಾಯಿಗೆ ಏರಿ ಟೀಕೆಗೂ ತನಿಖೆಗೂ ಗುರಿಯಾಯಿತು. 1956ರಲ್ಲಿ, ಸೌಧ ಮುಗಿಯುವ ಹೊತ್ತಿಗೆ, ಹನುಮಂತಯ್ಯ ಅಧಿಕಾರ ಬಿಟ್ಟಿದ್ದರು.

ಮುಂದೆ ವಿಧಾನಸೌಧದ ಹೆಸರು ತಾಲ್ಲೂಕು ಕಚೇರಿಗಳಿಗೂ ಹರಡಿತು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಜನ ಹತ್ತುವುದು ಮಿನಿ ವಿಧಾನಸೌಧದ ಮೆಟ್ಟಿಲನ್ನು. ಇಂಥ ಕಟ್ಟಡಗಳಿಗೆ ಸರ್ಕಾರ ಆಮೇಲೆ ತಾಲ್ಲೂಕು ಆಡಳಿತ ಸೌಧವೆಂದು ಹೆಸರಿಟ್ಟರೂ ಜನರ ಬಾಯಲ್ಲಿ ಹಳೆಯದೇ ಓಡುತ್ತಿದೆ.