ಶಿಬಿರ ಮುಗಿದ ಮೇಲೆ
ವಲಸೆಗಾರರ ಆರೋಗ್ಯಸೇವೆಯ ಫಲವನ್ನು ಅಳೆಯುವುದು ಹೇಗೆ?

ಕೊಟ್ಟ ದಾನದ ಲೆಕ್ಕವನ್ನು ಕೇಳಬಾರದೆಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಅನ್ನದಾನಕ್ಕೆ ಇದು ಭೂಷಣವೇ ಇರಬಹುದು; ಏಕೆಂದರೆ ಉಂಡವನ ಹಸಿವು ಅಂದೇ ತೀರಿರುತ್ತದೆ. ಆದರೆ ಔಷಧದಾನದ ಮಾತು ಬೇರೆ. ಕೊಟ್ಟ ಮದ್ದು ಗುಣ ಮಾಡಿತೇ ಇಲ್ಲವೇ ಎಂಬುದು ತಿಂಗಳುಗಳು ಕಳೆದ ಮೇಲೆ ಮಾತ್ರ ತಿಳಿಯತಕ್ಕ ಸಂಗತಿ. ಅಷ್ಟು ಕಾಲ ಕಾಯುವ ತಾಳ್ಮೆ ಸೇವೆ ಮಾಡುವ ನಮಗೆ ಇದೆಯೇ ಎಂಬುದೇ ಇಲ್ಲಿಯ ಪ್ರಶ್ನೆ.

ಜನಕಪುರಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಸರಕಾರಿ ನೌಕರಿಯ ನಿಮಿತ್ತ ದಿಲ್ಲಿಗೆ ಬಂದವರು. ನಾವೂ ವಲಸೆಗಾರರೇ. ಆದರೆ 1954ರಲ್ಲಿ ಇದೇ ದಿಲ್ಲಿಯಲ್ಲಿ ಆರಂಭವಾದ ಕೇಂದ್ರ ಸರಕಾರದ ಆರೋಗ್ಯ ಯೋಜನೆ ನಮ್ಮ ಕುಟುಂಬಗಳ ಬೆನ್ನಿಗಿತ್ತು. ಜ್ವರ ಬಂದರೆ ಯಾವ ಬಾಗಿಲನ್ನು ತಟ್ಟಬೇಕೆಂಬ ಚಿಂತೆ ನಮಗಿರಲಿಲ್ಲ. ಪಂಖಾ ರಸ್ತೆಯನ್ನು ದಾಟಿ ಸಾಗರಪುರದ ಕಡೆಗೋ, ಪಶ್ಚಿಮದಲ್ಲಿ ಉತ್ತಮನಗರದ ಕಡೆಗೋ ಹೋದರೆ ಇನ್ನೊಂದು ಬಗೆಯ ವಲಸೆಗಾರರನ್ನು ಕಾಣುತ್ತೇವೆ. ನಮ್ಮ ಮನೆಗಳ ಪಾತ್ರೆ ತೊಳೆಯುವವರು, ಗಾರೆ ಕೆಲಸದವರು, ರಿಕ್ಷಾ ತುಳಿಯುವವರು ಅವರು. ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಯಿತು.

ಇಂಥವರಿಗಾಗಿ ಕೆಲವು ವರ್ಷಗಳ ಹಿಂದೆ ನಾವು ಕೆಲವರು ಸೇರಿ ಒಂದು ಭಾನುವಾರ ಉಚಿತ ತಪಾಸಣಾ ಶಿಬಿರವನ್ನು ನಡೆಸಿದೆವು. ಶಾಮಿಯಾನ ಹಾಕಿತ್ತು, ಡಾಕ್ಟರರು ಬಂದಿದ್ದರು. ಮಧ್ಯಾಹ್ನದೊಳಗೆ ನೋಂದಣಿ ಪುಸ್ತಕದ ಹಾಳೆಗಳು ತುಂಬಿದವು. ಛಾಯಾಚಿತ್ರ ತೆಗೆಸಿಕೊಂಡು, ಪರಸ್ಪರ ವಂದನಾರ್ಪಣೆ ಮಾಡಿಕೊಂಡು ಸಂತೋಷದಿಂದ ಮನೆಗೆ ತೆರಳಿದೆವು.

ಮೂರು ತಿಂಗಳಾದ ಮೇಲೆ ನಮ್ಮ ಬೀದಿಯಲ್ಲಿ ಮನೆಗೆಲಸ ಮಾಡುವ ಒಬ್ಬ ಹೆಂಗಸು ತಲೆಸುತ್ತಿ ಬಿದ್ದಳು. ಆಕೆಯ ಸೆರಗಿನ ಗಂಟಿನಲ್ಲಿ ಮಡಿಸಿದ ಒಂದು ಚೀಟಿಯಿತ್ತು. ಅದು ನಮ್ಮ ಶಿಬಿರದ ಚೀಟಿಯೇ! ರಕ್ತದೊತ್ತಡ ಹೆಚ್ಚಾಗಿದೆ, ದೊಡ್ಡ ಆಸ್ಪತ್ರೆಗೆ ತೋರಿಸತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಹತ್ತು ದಿನದ ಮಾತ್ರೆಗಳನ್ನೂ ನಾವು ಕೊಟ್ಟಿದ್ದೆವು. ಏಕೆ ಹೋಗಲಿಲ್ಲವೆಂದು ಕೇಳಿದ್ದಕ್ಕೆ ಆಕೆ, “ಸರದಿಯಲ್ಲಿ ನಿಂತರೆ ಮಧ್ಯಾಹ್ನವಾಗುತ್ತದೆ ಬಾಬೂಜಿ, ಐದು ಮನೆಯ ಕೆಲಸ ಯಾರು ಮಾಡುತ್ತಾರೆ?” ಎಂದಳು. ನಮ್ಮ ವರದಿಯಲ್ಲಿ ಆಕೆ ಉಪಕೃತರ ಪಟ್ಟಿಗೆ ಸೇರಿದ್ದಳು. ಆಕೆಗೆ ಆದ ಉಪಕಾರವೇನೆಂದು ನಾವು ವಿಚಾರಿಸಿಯೇ ಇರಲಿಲ್ಲ.

ತುಮಕೂರಿನ ಪಾಠ

ಈ ವಿಷಯದಲ್ಲಿ ಕನ್ನಡ ನಾಡಿನಲ್ಲಿಯೇ ನಡೆದ ಒಂದು ಸಂಶೋಧನೆಯನ್ನು ವಾಚಕರು ನೆನೆಯುವುದು ಉಚಿತ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮಿದರೂ ವೈದ್ಯರ ಬಳಿಗೆ ಬಾರರು ಎಂಬುದು ಆ ಕಾಲದ ಸಾಮಾನ್ಯ ನಂಬಿಕೆ. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ವಿದ್ವಾಂಸರು ತುಮಕೂರು ಜಿಲ್ಲೆಯಲ್ಲಿ ಕ್ಷಯದ ಲಕ್ಷಣವುಳ್ಳವರ ಮನೆಗಳಿಗೇ ಹೋಗಿ ವಿಚಾರಿಸಿ, 1963ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಬೇನೆಯ ಅರಿವಿತ್ತು. ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆಯನ್ನು ಅರಸಿ ಆಸ್ಪತ್ರೆಗೆ ಹೋಗಿಯೂ ಇದ್ದರು! ಆದರೆ ಅಲ್ಲಿ ಕಫದ ಪರೀಕ್ಷೆ ನಡೆಯದೆ, ಕೆಮ್ಮಿನ ಔಷಧಿಯ ಸೀಸೆ ಹಿಡಿದು ಹಿಂದಿರುಗುವುದೇ ಅವರ ಪಾಲಾಗಿತ್ತು. ದೋಷವಿದ್ದದ್ದು ರೋಗಿಯ ಅಜ್ಞಾನದಲ್ಲಲ್ಲ, ಆತನನ್ನು ಹಿಂದಕ್ಕೆ ಕಳುಹಿಸಿದ ವ್ಯವಸ್ಥೆಯಲ್ಲಿ. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ಕ್ಷಯಚಿಕಿತ್ಸೆಯನ್ನು ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಒದಗಿಸಲು ಹೊರಟಿತು. ಅದರ ಹಿಂದೆ ಇಂಥ ಅಧ್ಯಯನಗಳ ಬಲವಿತ್ತು. ಬ್ಯಾನರ್ಜಿಯವರು ಮುಂದೆ ಇದೇ ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಸಮುದಾಯ ಆರೋಗ್ಯದ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದರು.

ನಾಲ್ಕು ಪ್ರಶ್ನೆಗಳು

ತುಮಕೂರಿನ ಈ ಪಾಠವನ್ನು ನಮ್ಮ ಬೀದಿಗೆ ಅನ್ವಯಿಸಿದರೆ ಪ್ರತಿಯೊಂದು ಆರೋಗ್ಯಸೇವೆಗೂ ನಾಲ್ಕು ಪ್ರಶ್ನೆಗಳನ್ನು ಹಾಕಬಹುದು.

ಮೊದಲನೆಯದು, ಬಾರದೆ ಉಳಿದವರು ಯಾರು? ನೋಂದಣಿ ಪುಸ್ತಕವು ಬಂದವರ ಹೆಸರನ್ನಷ್ಟೇ ಹೇಳುತ್ತದೆ. ಭಾನುವಾರವೂ ಕೂಲಿಗೆ ಹೋದವನು ಅದರಲ್ಲಿಲ್ಲ. ಮಗುವನ್ನು ಬಿಟ್ಟು ಬರಲಾರದ ತಾಯಿಯೂ ಇಲ್ಲ. ಎರಡನೆಯದು, ದೊಡ್ಡ ಆಸ್ಪತ್ರೆಗೆ ಹೋಗೆಂದು ಹೇಳಿಸಿಕೊಂಡವರಲ್ಲಿ ಹೋಗಿ ಮುಟ್ಟಿದವರೆಷ್ಟು? ಮೂರನೆಯದು, ಆರು ತಿಂಗಳ ತರುವಾಯ ಔಷಧಿ ಸೇವಿಸುತ್ತಿರುವವರೆಷ್ಟು, ಅವರಲ್ಲಿ ರಕ್ತದೊತ್ತಡ ಹತೋಟಿಗೆ ಬಂದವರೆಷ್ಟು? ನಾಲ್ಕನೆಯದು ವಲಸೆಗಾರರಿಗೇ ವಿಶೇಷವಾದುದು: ಕೆಲಸ ಮುಗಿದು ಊರಿಗೋ ಬೇರೆ ಪಟ್ಟಣಕ್ಕೋ ಹೊರಟವನ ಚಿಕಿತ್ಸೆ ಅವನೊಡನೆ ಹೋಗುತ್ತದೆಯೇ?

ಕಡೆಯ ಪ್ರಶ್ನೆಗೆ ಕ್ಷಯದ ಮಟ್ಟಿಗೆ ಉತ್ತರವೊಂದು ದೊರೆತಿದೆ. 2012ರಲ್ಲಿ ಆರಂಭವಾದ ನಿಕ್ಷಯ್ ಎಂಬ ಗಣಕವ್ಯವಸ್ಥೆಯಲ್ಲಿ ರೋಗಿಗೆ ಒಂದು ಸಂಖ್ಯೆ ದೊರೆಯುತ್ತದೆ. ಆತ ಊರು ಬದಲಿಸಿದರೆ ಅಲ್ಲಿಯ ಕೇಂದ್ರಕ್ಕೆ ಅವನ ಚಿಕಿತ್ಸೆಯನ್ನು ವರ್ಗಾಯಿಸಬಹುದು. ರೋಗಿಯ ಪೋಷಣೆಗೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಸಲ್ಲುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿಯಾಗಿದೆ. ಆದರೆ ರೋಗಿಯು ಹೊರಡುವ ಮುನ್ನ ತಿಳಿಸಿದರೆ ಮಾತ್ರ ವರ್ಗಾವಣೆ ಸುಸೂತ್ರವಾಗುತ್ತದೆ. ತಿಳಿಸಬೇಕೆಂದು ಆತನಿಗೆ ಹೇಳುವವರು ಬೇಕು.

ದಿಲ್ಲಿ ಸರಕಾರವು 2015ರಲ್ಲಿ ಪೀರಾಗಢಿಯಲ್ಲಿ ಮೊದಲ ಮೊಹಲ್ಲಾ ಚಿಕಿತ್ಸಾಲಯವನ್ನು ತೆರೆಯಿತು. 2025ರಿಂದ ಆಯುಷ್ಮಾನ್ ಆರೋಗ್ಯ ಮಂದಿರಗಳು ತಲೆಯೆತ್ತುತ್ತಿವೆ. ಫಲಕ ಯಾವುದೇ ಇರಲಿ, ಅಳತೆಗೋಲು ಒಂದೇ ಇರತಕ್ಕದ್ದು. ಎಷ್ಟು ಬಾಗಿಲುಗಳು ತೆರೆದಿವೆ ಎಂಬುದಕ್ಕಿಂತ, ದುಡಿಯುವವನಿಗೆ ಬಿಡುವಿರುವ ಹೊತ್ತಿನಲ್ಲಿ ಅವು ತೆರೆದಿರುತ್ತವೆಯೇ ಎಂಬುದೇ ಮುಖ್ಯ.

ಮುಂದಿನ ವರ್ಷವೇ ನಾವು ಶಾಮಿಯಾನದ ವೆಚ್ಚವನ್ನು ಉಳಿಸಿ, ಅದೇ ಬಸ್ತಿಯ ಓದುಬರಹ ಬಲ್ಲ ಇಬ್ಬರು ಹೆಂಗಸರಿಗೆ ಗೌರವಧನವಿತ್ತು, ಚೀಟಿ ಪಡೆದವರ ಮನೆಗಳಿಗೆ ತಿಂಗಳಿಗೊಮ್ಮೆ ಸಂಜೆಯ ಹೊತ್ತು ಹೋಗಿ ಬರುವ ಏರ್ಪಾಡು ಮಾಡಿದೆವು. ಪುಸ್ತಕದಲ್ಲಿ ಹೆಸರುಗಳು ಕಡಿಮೆಯಾದವು. ಛಾಯಾಚಿತ್ರಕ್ಕೆ ಅವಕಾಶವೇ ಉಳಿಯಲಿಲ್ಲ. ಆದರೆ ಅಂದು ತಲೆಸುತ್ತಿ ಬಿದ್ದ ಆ ತಾಯಿ ಈಗ ತಪ್ಪದೆ ಮಾತ್ರೆ ಸೇವಿಸುತ್ತಿದ್ದಾಳೆ.

ಹೊರನಾಡಿನ ಕನ್ನಡ ಸಂಘಗಳು ವರ್ಷಕ್ಕೊಂದು ಆರೋಗ್ಯ ಶಿಬಿರವನ್ನು ನಡೆಸುವುದು ಸ್ತುತ್ಯವೇ. ನಡೆಸಲಿ, ಅದರ ಜೊತೆಗೆ ಆರು ತಿಂಗಳ ಮುಂದಿನ ಒಂದು ದಿನಾಂಕವನ್ನೂ ಗೊತ್ತುಮಾಡಿ, ಹಳೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋಗಲಿ. ಶಿಬಿರದ ವರದಿಯನ್ನು ಬರೆಯಬೇಕಾದ ದಿನ ಅದೇ.