ಅಡ್ಮಿರಲ್ ನಿಮಿಟ್ಜರ ಸಮಾಧಿಶಿಲೆ

ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋ ಪಟ್ಟಣದ ಗೋಲ್ಡನ್ ಗೇಟ್ ರಾಷ್ಟ್ರೀಯ ಸ್ಮಶಾನದಲ್ಲಿ, ಸಹಸ್ರಾರು ಯೋಧರ ಶ್ವೇತಶಿಲೆಗಳು ಸಾಲುಗಟ್ಟಿ ನಿಂತಿರುವ ಹಸುರಿನ ನಡುವೆ, ಅವುಗಳಂತೆಯೇ ನಿರಾಡಂಬರವಾದ ಈ ಕಲ್ಲನ್ನು ನೋಡಿರಿ. ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ಅಮೆರಿಕನ್ ನೌಕಾಬಲವನ್ನು ನಡೆಸಿ, 1945ರ ಸೆಪ್ಟೆಂಬರ್ 2ರಂದು ಮಿಸ್ಸೂರಿ ನೌಕೆಯ ಮೇಲೆ ಜಪಾನಿನ ಶರಣಾಗತಿಪತ್ರಕ್ಕೆ ತಮ್ಮ ರಾಷ್ಟ್ರದ ಪರವಾಗಿ ಅಂಕಿತವಿತ್ತ ಫ್ಲೀಟ್ ಅಡ್ಮಿರಲ್ ಚೆಸ್ಟರ್ ನಿಮಿಟ್ಜರು ಚಿರನಿದ್ರೆಯಲ್ಲಿರುವುದು ಇಲ್ಲಿಯೇ.

ಆದರೆ ಅವರ ವೃತ್ತಿಜೀವನ ಕಳಂಕರಹಿತವಾಗಿಯೇನೂ ಆರಂಭವಾಗಲಿಲ್ಲ. 1908ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ಫಿಲಿಪೈನ್ಸ್ ತೀರದಲ್ಲಿ ಡೆಕೇಟರ್ ಎಂಬ ಯುದ್ಧನೌಕೆಯನ್ನು ಕೆಸರುದಿಬ್ಬಕ್ಕೆ ಹತ್ತಿಸಿ ಸೈನಿಕ ನ್ಯಾಯಾಲಯದಿಂದ ವಾಗ್ದಂಡನೆಗೆ ಗುರಿಯಾದ ಆ ತರುಣನನ್ನು ನೌಕಾಪಡೆ ಕೈಬಿಡಲಿಲ್ಲವೆಂಬುದು, ನನ್ನ ಮಟ್ಟಿಗೆ, ಯಾವ ವಿಜಯಕ್ಕಿಂತಲೂ ಕಡಿಮೆಯ ಸಂಗತಿಯಲ್ಲ. 1912ರಲ್ಲಿ ಮುಳುಗುತ್ತಿದ್ದ ನಾವಿಕನೊಬ್ಬನನ್ನು ತಾವೇ ನೀರಿಗೆ ಧುಮುಕಿ ಉಳಿಸಿದ್ದಕ್ಕಾಗಿ ಜೀವರಕ್ಷಣೆಯ ರಜತಪದಕವೂ ಅವರಿಗೆ ಲಭಿಸಿತು. ಯುದ್ಧಾನಂತರ 1949ರಲ್ಲಿ ವಿಶ್ವಸಂಸ್ಥೆ ಕಾಶ್ಮೀರದ ಜನಮತಗಣನೆಯ ಆಡಳಿತಾಧಿಕಾರಿಯನ್ನಾಗಿ ನೇಮಿಸಿದುದೂ ಇವರನ್ನೇ. ಆ ಗಣನೆ ನಡೆಯಲೇ ಇಲ್ಲವೆಂಬುದು ನಮ್ಮವರಿಗೆ ತಿಳಿದ ವಿಷಯ.

1966ರ ಫೆಬ್ರವರಿ 20ರಂದು ದಿವಂಗತರಾದ ನಿಮಿಟ್ಜರು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದ ವೈಭವವನ್ನು ಬಯಸದೆ, ತಮ್ಮ ಅಧೀನದಲ್ಲಿ ದುಡಿದವರ ಸಾನ್ನಿಧ್ಯವನ್ನೇ ಆರಿಸಿಕೊಂಡರು. ಜೊತೆಯಾಗಿ ಕಾದಾಡಿದ ಸ್ಪ್ರೂಯನ್ಸ್, ಟರ್ನರ್, ಲಾಕ್‌ವುಡ್ ಎಂಬ ಮೂವರು ಅಡ್ಮಿರಲ್ಲರೊಡನೆ ಬದುಕಿದ್ದಾಗಲೇ ಮಾಡಿಕೊಂಡಿದ್ದ ಒಪ್ಪಂದದಂತೆ, ನಾಲ್ವರೂ ಸಪತ್ನೀಕರಾಗಿ ಈ ಸ್ಮಶಾನದಲ್ಲಿ ಒಬ್ಬರ ಪಕ್ಕದಲ್ಲೊಬ್ಬರು ಮಲಗಿದ್ದಾರೆ.