ಪಂಚಮಿ ಮೊದಲು, ಹೆಸರುಕಾಳು ಆಮೇಲೆ

ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ ಸುತ್ತಿನ ಒಕ್ಕಲು ಮನೆಗಳಲ್ಲಿ ರೊಕ್ಕದ ವರ್ಷವೇ ಬೇರೆ, ಹಬ್ಬದ ವರ್ಷವೇ ಬೇರೆ. ಜೂನ್ ಬಂತೆಂದರೆ ಸೋಯಾ ಬೀಜ, ಗೊಬ್ಬರ, ಮಕ್ಕಳ ನೋಟ್‌ಬುಕ್ಕು, ಜೊತೆಗೆ ಕಾರಹುಣ್ಣಿಮೆ. ಕೈಯಲ್ಲಿದ್ದದ್ದೆಲ್ಲ ಮಣ್ಣಿಗೆ ಬಿದ್ದ ಮೇಲೆ ಶ್ರಾವಣದಲ್ಲಿ ನಾಗರಪಂಚಮಿ. ಹೆಸರು, ಉದ್ದಿನ ರಾಶಿಯಾಗಿ ಮೊದಲ ರೊಕ್ಕ ಕಾಣುವುದು ಸಾಮಾನ್ಯವಾಗಿ ಹಬ್ಬ ಮುಗಿದ ಮೇಲೆ. ತೊಗರಿಗಂತೂ ಸಂಕ್ರಾಂತಿಯವರೆಗೆ ಕಾಯಬೇಕು.

ಹಾಗೆಂದು ಪಂಚಮಿಯನ್ನು ಹಗುರ ಮಾಡಲಾದೀತೇ? ಮಗಳು ತವರಿಗೆ ಬರುವ ಹಬ್ಬವದು. ಶೇಂಗಾ ಉಂಡಿ, ಎಳ್ಳುಂಡಿ ಕಡಿಮೆಯಾದರೆ ಯಾರೂ ಕೇಳರು. ಸೀರೆ-ಕುಪ್ಪಸ ತಪ್ಪಿದರೆ ಬೀಗರ ಮನೆಯಲ್ಲಿ ಮಾತಾಗುತ್ತದೆ. 2023ರ ಜೂನ್‌ನಿಂದ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಬಸ್ ಉಚಿತವಾಗಿದೆ. ಆದರೆ ಮಗಳನ್ನು ಗಡಿಯಾಚೆ ಉಮರ್ಗಾಕ್ಕೆ ಕೊಟ್ಟಿದ್ದರೆ? ಅಲ್ಲಿಯ ಎಸ್‌ಟಿಯಲ್ಲಿ ಅರ್ಧ ಟಿಕೆಟ್, ಅದೂ ಉಳಿತಾಯವೇ ಅನ್ನಿ.

ಇಂಥ ಹೊತ್ತಿನಲ್ಲೇ ಪಂಪ್‌ಸೆಟ್ ಸುಡುತ್ತದೆ, ಅಜ್ಜನಿಗೆ ಜ್ವರ ಬರುತ್ತದೆ. ಆಗ ಕೈಸಾಲ. ನೂರಕ್ಕೆ ತಿಂಗಳಿಗೆ ಮೂರರಂತೆ 5,000 ರೂಪಾಯಿ ತಂದು ಆರು ತಿಂಗಳು ಇಟ್ಟುಕೊಂಡರೆ ಬಡ್ಡಿಯೇ 900. ಒಂದು ಒಳ್ಳೆಯ ಸೀರೆಯ ಬೆಲೆ! ಸ್ವಸಹಾಯ ಸಂಘದ ಸಾಲ ಇದಕ್ಕಿಂತ ಎಷ್ಟೋ ಅಗ್ಗ. ಬೀದರ್ ಡಿಸಿಸಿ ಬ್ಯಾಂಕು ಇಂಥ ಸಂಘಗಳಿಗೆ ಸಾಲ ಕೊಟ್ಟೇ ಹೆಸರಾದದ್ದು. ಆದರೆ ಕಂತು ವಾರವಾರ ಬರುತ್ತದೆ, ಬೆಳೆ ವಾರವಾರ ಬರುವುದಿಲ್ಲ.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಕಿರಾಣಿ ಉದ್ರಿಗೆ ಕಟ್ಟಿಬಿಡುವವರೇ ಹೆಚ್ಚು. ಕಂತು ತಡವಾದರೆ ಉದ್ರಿ ಬೆಳೆಯುತ್ತದೆ. ನನ್ನ ಮಾತು ಕೇಳುವುದಾದರೆ, ಆ ಹಣವನ್ನು ಆದಾಯದ ಲೆಕ್ಕಕ್ಕೆ ಹಿಡಿಯಲೇಬೇಡಿ. ಬಂದಾಗ ಮುನ್ನೂರಾದರೂ ಪಂಚಮಿಗೆಂದು ಬೇರೆ ಇಡಿ. ತೊಗರಿ ರಾಶಿಯಾದಾಗ ಎಲ್ಲ ಚೀಲ ಮಾರದೆ ಒಂದನ್ನು ಚೆನ್ನಾಗಿ ಒಣಗಿಸಿ ಉಳಿಸಿಕೊಳ್ಳುವ ಹಿರಿಯರ ರೂಢಿಯೂ ಬ್ಯಾಂಕಿನ ಪಾಸ್‌ಬುಕ್ಕಿಗೆ ಕಡಿಮೆಯೇನಲ್ಲ.

ಗಂಡ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮರಳಿಸಿ ಬಾ ಎಂದ ಆಯ್ದಕ್ಕಿ ಲಕ್ಕಮ್ಮ ಇದೇ ಕಲ್ಯಾಣದಲ್ಲಿ ಸಂಸಾರ ನಡೆಸಿದವಳು. ಇಂದಿನ ಗೃಹಿಣಿಗೆ ಮರಳಿಸುವಷ್ಟು ಬರುವುದೇ ಅಪರೂಪ, ಅದು ಬೇರೆ ಮಾತು.

ಖರ್ಚಿಲ್ಲದ ಹಬ್ಬವೆಂದರೆ ಎಳ್ಳಮಾವಾಸ್ಯೆ. ಹಸಿ ತೊಗರಿ, ಅವರೆ, ಕಡಲೆಯ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಹೆಚ್ಚಿನದೆಲ್ಲ ಹೊಲದ್ದೇ. ಹೊಲವಿಲ್ಲದವರನ್ನೂ ಕರೆದು ಉಣಿಸುತ್ತಾರೆ. ಅಂದು ಕಿರಾಣಿ ಅಂಗಡಿಯವನೂ ಯಾರದೋ ಹೊಲದಲ್ಲಿ ಊಟಕ್ಕೆ ಕೂತಿರುತ್ತಾನೆ, ಉದ್ರಿ ವಹಿ ಅಂಗಡಿಯಲ್ಲೇ ಇರುತ್ತದೆ.